ಹದಿನಾಲ್ಕನೇ ಅಂಗಳದ ಡೋಜರಕ್ಕ

ಬೆಳಕು ಹರಿಯುವ ಮೊದಲೇ ಆಕೆ ಡೋಜರಿನ ಸೀಟಿನ ಮೇಲೆ ಕೂತ ಇಬ್ಬನಿಯನ್ನು ಹಳೆಯ ಟವೆಲಿನಿಂದ ಒರೆಸುತ್ತಾಳೆ. ಎಣ್ಣೆ ನೋಡುತ್ತಾಳೆ, ನೀರು ನೋಡುತ್ತಾಳೆ. ಚಕ್ರದ ಪಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡ ಮರಳನ್ನು ಕಬ್ಬಿಣದ ಸಲಾಕೆಯಿಂದ ಕೆರೆದು ತೆಗೆಯುತ್ತಾಳೆ. ಹತ್ತಿ ಕೂರುತ್ತಾಳೆ. ದಿನವೂ ಇದಾದ ಮೇಲೆ ಎಂಜಿನ್ ಗುಡುಗುತ್ತದೆ; ತಗಡಿನ ಶೆಡ್ಡಿನಲ್ಲಿ ಚಹಾ ಕಾಯಿಸುವವನು ಆ ಸದ್ದು ಕೇಳಿದ ಮೇಲೆಯೇ ಸಕ್ಕರೆ ಹಾಕುವುದು. ಇವತ್ತು ಸದ್ದಿಲ್ಲ. ಆಕೆ ಕೀಲಿ ತಿರುಗಿಸದೆ, ಎರಡೂ ಕೈಗಳನ್ನು ಲಿವರುಗಳ ಮೇಲಿಟ್ಟುಕೊಂಡು, ತಾನೇ ಮಾಡಿದ ನೆಲವನ್ನು ನೋಡುತ್ತ ಕುಳಿತಿದ್ದಾಳೆ. ಮುಂದೆ ಕೆಂಪು ಬಾವುಟಗಳ ಸಾಲು, ಅದರಾಚೆ ಬಳ್ಳಿ ಹಬ್ಬಿದ ಮರಳುದಿಬ್ಬ, ಅದರಾಚೆ ಸಮುದ್ರ.

ಚಹಾದವನು ಲೋಟ ಹಿಡಿದು ಅಲ್ಲಿಗೇ ಬರುತ್ತಾನೆ. "ಏನಕ್ಕಾ, ಬ್ಯಾಟರಿ ಇಳಿದುಹೋಯ್ತಾ?"

"ಬ್ಯಾಟರಿ ಚೆನ್ನಾಗಿದೆ. ನಾನೇ ಇಳಿದುಹೋಗಿದ್ದೀನಿ," ಎನ್ನುತ್ತಾಳೆ ಆಕೆ. ಅವನು ನಗುವುದೋ ಬೇಡವೋ ತಿಳಿಯದೆ ಲೋಟವನ್ನು ಪಟ್ಟಿಯ ಮೇಲಿಟ್ಟು ಹಿಂದಿರುಗುತ್ತಾನೆ.

ಇಲ್ಲಿ ಎಲ್ಲರಿಗೂ ಆಕೆ ಡೋಜರಕ್ಕ. ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಾರೆ. ಮುಳ್ಳುಪೊದೆ, ಕಾಡುಬಳ್ಳಿ ಬಿಟ್ಟರೆ ಬೇರೇನೂ ಬೆಳೆಯದಿದ್ದ ಈ ಕಡಲ ಬದಿಯ ಮರಳುನೆಲದಲ್ಲಿ ಈಗ ಒಂದು ಖಾಸಗಿ ಗಾಲ್ಫ್ ಮೈದಾನ ಏಳುತ್ತಿದೆ. ಆಟಕ್ಕೆ ಹದಿನೆಂಟು ಗುಳಿ. ಒಂದೊಂದು ಗುಳಿಯ ಸುತ್ತಲೂ ಚಾಪೆಯಂತೆ ನುಣುಪಾದ ಹುಲ್ಲಿನ ಜಾಗ ಇರಬೇಕು. ಆಟಗಾರರು ಅದನ್ನು ಗ್ರೀನ್ ಎನ್ನುತ್ತಾರೆ, ಕೆಲಸಗಾರರು ಅಂಗಳ ಎನ್ನುತ್ತಾರೆ. ಹುಲ್ಲು ಬರುವ ಮೊದಲು ಆ ನೆಲಕ್ಕೆ ಉಬ್ಬು ತಗ್ಗು, ಏರು ಇಳಿಜಾರು ಕೊಡುವುದು ಡೋಜರಕ್ಕನ ಕೆಲಸ. ನಕ್ಷೆಯಲ್ಲಿ ಅಳತೆ ಇರುತ್ತದೆ. ಆದರೆ ಒಂದು ಇಳಿಜಾರು ಇನ್ನೊಂದರೊಳಗೆ ಹೇಗೆ ಕರಗಬೇಕು ಎನ್ನುವುದು ಕಾಗದಕ್ಕೆ ಗೊತ್ತಿರುವುದಿಲ್ಲ. ಅದನ್ನು ಯಂತ್ರದ ಮುಂದಿನ ಹಲಗೆ ಹುಡುಕಬೇಕು, ಹಲಗೆಯ ಹಿಂದಿರುವ ಕೈ ಹುಡುಕಬೇಕು.

ಹದಿನಾಲ್ಕನೆಯದು ಆಕೆ ಒಬ್ಬಳೇ ಮಾಡಿದ ಮೊದಲ ಅಂಗಳ. ಸಮುದ್ರಕ್ಕೆ ಅತಿ ಹತ್ತಿರದ್ದೂ ಅದೇ. ನಿನ್ನೆ ಮಧ್ಯಾಹ್ನ ಮೈದಾನದ ವಿನ್ಯಾಸಕಾರ ಅದನ್ನು ನೋಡಲು ಬಂದಿದ್ದರು. ಮಳೆ ಇರಲಿ ಬಿಡಲಿ ಕೈಯಲ್ಲಿ ಕೊಡೆ ಹಿಡಿದಿರುವ, ಆ ಕೊಡೆಯ ತುದಿಯಿಂದಲೇ ಮರಳಿನಲ್ಲಿ ಗೆರೆ ಎಳೆದು ಮಾತಾಡುವ ಹಿರಿಯರು. ಕೆಲಸಗಾರರ ಬಾಯಲ್ಲಿ ಕೊಡೆ ಸಾಹೇಬರು. ಅಂಗಳದ ಸುತ್ತ ಎರಡು ಸಲ ನಡೆದರು. ಕೊಡೆ ನೆಲ ಮುಟ್ಟಲೇ ಇಲ್ಲ.

"ಚೆನ್ನಾಗಿದೆ," ಎಂದರು ಕೊನೆಗೆ. "ಚೆನ್ನಾಗಿರೋದೇ ತೊಂದರೆ. ಯಾರೋ ಕೂತು ಮಾಡಿದ್ದಾರೆ ಅಂತ ಅಷ್ಟು ದೂರದಿಂದಲೇ ಗೊತ್ತಾಗತ್ತೆ. ಇಸ್ತ್ರಿ ಮಾಡಿ ಮಡಚಿಟ್ಟ ಹಾಗಿದೆ."

ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. ಹುಲ್ಲಿನ ದಂಟುಗಳನ್ನು ಆಗಲೇ ಕತ್ತರಿಸಿ ಒದ್ದೆ ಗೋಣಿಯಲ್ಲಿ ತುಂಬಿಯಾಗಿತ್ತು. ಮೂರು ದಿನ ದಾಟಿದರೆ ಒಣಗುತ್ತವೆ. "ದೊಡ್ಡ ಡ್ರೈವರ್ ಹತ್ತಲಿ, ಸರಿ ಮಾಡ್ಲಿ. ನಾನು ಮತ್ತೆ ಬರ್ತೀನಿ," ಎಂದು ಹೊರಟುಬಿಟ್ಟರು. ದೊಡ್ಡ ಡ್ರೈವರ್ ಎಂದರೆ ಡೋಜರಕ್ಕನ ಅಪ್ಪ. ಆಕೆ ಅಲ್ಲೇ, ಒಂದು ತೋಳಿನ ದೂರದಲ್ಲಿ ನಿಂತಿದ್ದಳು.

"ಬೈದಿದ್ರೆ ಪರವಾಗಿರಲಿಲ್ಲ," ಎನ್ನುತ್ತಾಳೆ ಈಗ, ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಉರುಳಿಸುತ್ತ. "ಅವರು ನನ್ನ ಕಡೆ ನೋಡ್ಲೇ ಇಲ್ಲ. ಹೇಳಿದ್ದು ಸುಳ್ಳಾಗಿದ್ರೂ ಒಂದು ಸಮಾಧಾನ ಇರ್ತಿತ್ತು. ಆದ್ರೆ ಸರಿಯಾಗೇ ಹೇಳಿದ್ರು. ಇಲ್ಲಿ ಕೂತು ನೋಡಿದ್ರೆ ನಂಗೂ ಕಾಣತ್ತೆ."

ಕಾಣುವುದೂ ನಿಜ. ಅಂಗಳದ ಹಿಂದಿನ ಅಂಚು ನೂಲು ಹಿಡಿದಂತೆ ಹರಿತವಾಗಿದೆ. ಎಡಗಡೆಯ ಉಬ್ಬು ಬಲಗಡೆಯ ಉಬ್ಬಿಗೆ ಅವಳಿಯಂತಿದೆ. ಸುತ್ತಲಿನ ದಿಬ್ಬಗಳು ಗಾಳಿ ಹೇಳಿದಂತೆ ಮಲಗಿದ್ದರೆ, ನಡುವೆ ಇದೊಂದು ಮಾತ್ರ ಪಾಠ ಒಪ್ಪಿಸಲು ಎದ್ದು ನಿಂತ ಮಗುವಿನಂತೆ ಸೆಟೆದುಕೊಂಡಿದೆ.

ಆ ಸೆಟೆತ ಎಲ್ಲಿಂದ ಬಂತು ಎಂದು ಕೇಳಿದರೆ ಆಕೆಯ ಮನೆಗೇ ಹೋಗಬೇಕು. ಅಪ್ಪ ರಸ್ತೆ ಕೆಲಸದವನು. ದಿಬ್ಬ ಕಂಡರೆ ಕಡಿಯುವುದು, ಗುಂಡಿ ಕಂಡರೆ ತುಂಬುವುದು, ಇಷ್ಟರಲ್ಲೇ ಕೂದಲು ಬಿಳಿಯಾದವನು. ಅಪ್ಪನಿಗೆ ಬುತ್ತಿ ಕೊಡಲು ಹೋಗುತ್ತಿದ್ದ ಹುಡುಗಿ, ಆತ ಉಂಡು ಮರದ ಕೆಳಗೆ ಮಲಗಿದಾಗ ಯಂತ್ರ ಹತ್ತುತ್ತಿದ್ದಳು. ಅಪ್ಪ ನಿಜವಾಗಿ ನಿದ್ದೆ ಮಾಡುತ್ತಿದ್ದನೋ, ಕಣ್ಣು ಮುಚ್ಚಿಕೊಂಡು ಬಿಟ್ಟುಕೊಡುತ್ತಿದ್ದನೋ ಎನ್ನುವುದು ಇಂದಿಗೂ ತೀರ್ಮಾನವಾಗಿಲ್ಲ. ಆಕೆ ಕೇಳಿಲ್ಲ, ಆತ ಹೇಳಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಬೆಳೆದ ಸಂಬಂಧ ಅದು. ಮಾತಿಗಿಂತ ಕೈಸನ್ನೆ ಹೆಚ್ಚು. ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಉಪ್ಪು ಬೇಕಾದರೆ ಅಪ್ಪ ಬಾಯಿ ತೆರೆಯುವುದಿಲ್ಲ, ಎರಡು ಬೆರಳು ಕೆಳಗೆ ತೋರಿಸುತ್ತಾನೆ. ಯಂತ್ರದ ಭಾಷೆಯಲ್ಲಿ ಅದು 'ಹಲಗೆ ಇಳಿಸು'. "ನಮ್ಮನೇಲಿ ಉಪ್ಪಿನ ಡಬ್ಬಿಗೂ ಗೇರ್ ಇದೆ," ಎಂದು ಅಮ್ಮ ಹಾಸ್ಯ ಮಾಡುತ್ತಾಳೆ.

ಕಲಿಯುವುದು ಸುಲಭವಾಯಿತು, ಕೂರುವುದು ಆಗಲಿಲ್ಲ. ಒಂದು ಕಡೆ ಡಾಂಬರು ರೋಲರ್ ಓಡಿಸಲು ಬಿಟ್ಟರು, ಡೋಜರ್ ಮುಟ್ಟಲು ಬಿಡಲಿಲ್ಲ. ಇನ್ನೊಂದು ಕಡೆ ಬಿಟ್ಟರು. ಆದರೆ ಹೆಂಗಸರಿಗೆ ಹೋಗಿಬರಲು ಒಂದು ಮರೆಯೂ ಇರಲಿಲ್ಲ, ಇಡೀ ದಿನ ನೀರು ಕುಡಿಯದೆ ಕೆಲಸ ಮಾಡಿ ಕಾಯಿಲೆ ಬಿದ್ದಳು. ಮೂರನೆಯ ಕಡೆ ಯಜಮಾನ, "ಯಂತ್ರ ಕೆಟ್ಟರೆ ನಿನ್ನ ಗಂಡ ಬಂದು ಕಟ್ಟಿಕೊಡ್ತಾನಾ?" ಎಂದಿದ್ದ. ಗಂಡ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಆತ ಬ್ರೆಡ್ಡಿನ ವಾಸನೆ ಹೊತ್ತು ಮನೆಗೆ ಬರುವ ಹೊತ್ತಿಗೆ ಆಕೆ ಡೀಸೆಲಿನ ವಾಸನೆಯ ಅಂಗಿ ತೊಟ್ಟು ಹೊರಟಿರುತ್ತಾಳೆ. ಬಾಗಿಲಲ್ಲಿ ಬೀಗದ ಕೈ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. "ವಾರಕ್ಕೊಂದು ದಿನ ಇಬ್ಬರೂ ಒಟ್ಟಿಗೆ ಎಚ್ಚರ ಇರ್ತೀವಿ. ಅವತ್ತು ಜಗಳ ಆಡೋಕೆ ಟೈಮ್ ಸಾಲಲ್ಲ, ಅದಕ್ಕೇ ಸಂಸಾರ ಚೆನ್ನಾಗಿದೆ," ಎನ್ನುತ್ತಾಳೆ.

ಈ ಮೈದಾನಕ್ಕೆ ಮೊದಲು ಬಂದದ್ದು ಅಪ್ಪ. ಒಳಭಾಗದ ಅಂಗಳಗಳನ್ನು ಆತ ಮಾಡುವಾಗ ಕೊಡೆ ಸಾಹೇಬರು ಪಕ್ಕದಲ್ಲೇ ನಿಂತು ಒಂದೊಂದು ತಿರುವನ್ನೂ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು. ಹತ್ತನೆಯ ಅಂಗಳದ ಹೊತ್ತಿಗೆ ಅಪ್ಪನ ಸೊಂಟ ಕೈಕೊಟ್ಟಿತು. ಅಲ್ಲಿಂದ ಮಗಳು ಲಿವರ್ ಹಿಡಿದಳು, ಅಪ್ಪ ಕೆಳಗೆ ನಿಂತು ಸನ್ನೆ ಮಾಡಿದ. ಹದಿನಾಲ್ಕನೆಯದಕ್ಕೆ ಬರುವಾಗ ಸಾಹೇಬರು ಬೇರೆ ಕೆಲಸದ ಮೇಲೆ ಹೊರಗಿದ್ದರು. ಬಿಟ್ಟುಹೋದದ್ದು ಒಂದು ನಕ್ಷೆ ಮತ್ತು ಒಂದು ಮಾತು: ಚೆಂಡು ಸಮುದ್ರದ ಕಡೆಯಿಂದ ತಾನಾಗಿಯೇ ಸುತ್ತಿಕೊಂಡು ಅಂಗಳಕ್ಕೆ ಬರಬೇಕು. ಸನ್ನೆ ಬೇಡ, ನಾನೇ ಮಾಡ್ತೀನಿ ಎಂದು ಆಕೆ ಅಪ್ಪನನ್ನು ಮನೆಯಲ್ಲೇ ಇರಿಸಿದಳು. ತಪ್ಪಬಾರದೆಂಬ ಹೆದರಿಕೆಯಲ್ಲಿ ಪ್ರತಿ ಅಂಚನ್ನೂ ತಿದ್ದಿದಳು, ತಿದ್ದಿದ್ದನ್ನು ಮತ್ತೆ ತಿದ್ದಿದಳು. ಹೆದರಿದ ಕೈ ತನಗೆ ಗೊತ್ತಿದ್ದ ಹಳೆಯ ಕೆಲಸಕ್ಕೇ ಮರಳಿತು. ರಸ್ತೆಯ ಕೈ, ಮಟ್ಟ ಮಾಡುವ ಕೈ.

ಇವತ್ತು ಅಪ್ಪ ಹತ್ತಬೇಕು. ಬೆಳಿಗ್ಗೆ ಬರುವ ದಾರಿಯಲ್ಲಿ ಆಕೆ ಅಪ್ಪನ ಮನೆಗೆ ಹೋಗಿ ಒಂದೇ ಮಾತು ಹೇಳಿ ಬಂದಿದ್ದಾಳೆ: "ನೀನು ಹತ್ತಿದ್ರೆ ನಾನು ಇಳಿದ ಹಾಗೆ. ಆಮೇಲೆ ನನ್ನ ಯಾರೂ ಹತ್ತಿಸ್ಕೊಳ್ಳಲ್ಲ." ಅಪ್ಪ ಸನ್ನೆಯನ್ನೂ ಮಾಡಲಿಲ್ಲ.

ಬಿಸಿಲು ಏರಿದ ಮೇಲೆ ಆತ ಬರುತ್ತಾನೆ. ಒಂದು ಕೈ ಸೊಂಟದ ಮೇಲೆ. ಬಂದವನು ಯಂತ್ರದ ಕಡೆ ಹೋಗುವುದಿಲ್ಲ. ಬೋರಲು ಬಿದ್ದ ಬಣ್ಣದ ಡಬ್ಬವೊಂದರ ಮೇಲೆ ನಿಧಾನಕ್ಕೆ ಕೂರುತ್ತಾನೆ.

"ಯಜಮಾನ್ರೇ, ಹತ್ತಿ ಮತ್ತೆ. ಹೊತ್ತಾಯ್ತು," ಎನ್ನುತ್ತಾನೆ ಮೇಸ್ತ್ರಿ.

"ಸೊಂಟ ಹಿಡ್ಕೊಂಡಿದೆ."

"ನಿನ್ನೆ ಸಂಜೆ ಕಟ್ಟೆ ಮೇಲೆ ಕೂತು ಇಸ್ಪೀಟು ಆಡ್ತಿದ್ರಲ್ಲ?"

"ಆಗ ಬಿಟ್ಟಿತ್ತು, ಈಗ ಹಿಡ್ಕೊಂಡಿದೆ. ನನ್ನ ಸೊಂಟ ಏನು ನಿಮ್ಮ ಆಳಾ, ಕರೆದಾಗ ಬರೋಕೆ?"

ಮೇಸ್ತ್ರಿ ತಲೆ ಕೊಡವಿ ಫೋನು ತೆಗೆದುಕೊಂಡು ದೂರ ಹೋಗುತ್ತಾನೆ. ಬೇರೆ ಡ್ರೈವರನ್ನು ಹುಡುಕುತ್ತಿದ್ದಾನೆಂದು ಎಲ್ಲರಿಗೂ ಗೊತ್ತು. ಡೋಜರಕ್ಕ ಇಳಿದು ಅಪ್ಪನ ಮುಂದೆ ಬಂದು ನಿಲ್ಲುತ್ತಾಳೆ. "ಹೇಳಪ್ಪಾ. ಹತ್ತದಿದ್ರೆ ಬೇಡ, ಏನು ಮಾಡ್ಬೇಕು ಅಂತನಾದ್ರೂ ಹೇಳು."

ಅಪ್ಪ ಅಂಗಳದ ಕಡೆ ನೋಡಿಕೊಂಡೇ ಹೇಳುತ್ತಾನೆ: "ಅವರು ಕೊಡೆ ಹಿಡಿದು ನಿಂತಿದ್ದಕ್ಕೆ ನಾನು ಮಾಡ್ದೆ. ಕೊಡೆ ಇಲ್ದಿದ್ರೆ ನಂಗೂ ಬರಲ್ಲ. ನನ್ನ ಕೈಗೆ ಬಿಟ್ರೆ ಸಮುದ್ರಾನೂ ಮಟ್ಟ ಮಾಡ್ತೀನಿ. ಅದನ್ನೇ ಅಲ್ವಾ ನಿಂಗೆ ಕಲಿಸಿದ್ದು? ಈಗ ನನ್ನ ಕೇಳಿದ್ರೆ ಅದನ್ನೇ ಹೇಳ್ತೀನಿ ಮಗಾ. ಕೇಳ್ಬೇಡ."

ಆಕೆಯ ಪ್ರಕಾರ ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಆಕೆ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹೆಂಗಸರು ಬರುತ್ತಾರೆ. ಹುಲ್ಲು ನೆಡುವ ಗುಂಪು. ಮುಂದಾಳು ಡೋಜರಕ್ಕನ ಅಮ್ಮ. ದಂಟು ತುಂಬಿದ ಒದ್ದೆ ಗೋಣಿಗಳನ್ನು ಲಾರಿಯಿಂದ ತಲೆಯ ಮೇಲೆ ಹೊತ್ತು ಅಂಗಳದಾಚೆಯ ನೆರಳುಬಲೆಗೆ ಸಾಗಿಸಬೇಕು. ರಾತ್ರಿಯ ಗಾಳಿ ಹಳೆಯ ಹೆಜ್ಜೆಗಳನ್ನೆಲ್ಲ ಅಳಿಸಿಹಾಕಿದೆ. ಮರಳು ಬರೆಯದ ಹಾಳೆಯಂತಿದೆ. ಒಬ್ಬರ ಹಿಂದೊಬ್ಬರು ಬರುತ್ತಾರೆ. ದಿಬ್ಬದ ಬುಡದಲ್ಲಿ ಸ್ವಲ್ಪ ಬಾಗಿ, ಅದರ ಭುಜದ ಮೇಲೆ ಮೆಲ್ಲಗೆ ಏರಿ, ಸಮುದ್ರದ ಕಡೆಯಿಂದ ಬಳಸಿಕೊಂಡು ಅಂಗಳದ ಹಿಂದಿನ ಅಂಚಿಗೆ ತಲುಪುತ್ತಾರೆ. ಅಲ್ಲಿ ಅಮ್ಮ ಗಕ್ಕನೆ ನಿಲ್ಲುತ್ತಾಳೆ.

"ಇಲ್ಲಿ ಯಾರೇ ಮೆಟ್ಟಿಲು ಇಟ್ಟಿದ್ದು?"

ಮಗಳು ತಿರುಗಿ ನೋಡುತ್ತಾಳೆ. ಅಮ್ಮ ಕಾಲಿನಿಂದ ತಡಕುತ್ತಿರುವುದು ತಾನು ಅಷ್ಟು ಪ್ರೀತಿಯಿಂದ ತಿದ್ದಿದ ಆ ಹರಿತವಾದ ಅಂಚನ್ನೇ. ಅದರ ಹಿಂದೆ, ಮರಳಿನ ಮೇಲೆ, ಹೆಜ್ಜೆಗಳ ಒಂದೇ ಒಂದು ಸಾಲು. ಎಲ್ಲೂ ಮುರಿಯದ, ಎಲ್ಲೂ ಅವಸರಿಸದ ಒಂದು ಬಾಗು.

"ಅಮ್ಮಾ, ಅಲ್ಲೇ ನಿಂತ್ಕೋ."

"ತಲೆ ಮೇಲೆ ಹೊರೆ ಇದೆ ಕಣೇ, ನಿಂತ್ಕೋ ಅಂದ್ರೆ?"

"ಯಾಕೆ ಹಂಗೆ ಸುತ್ತಿ ಬಂದ್ರಿ ಎಲ್ಲಾರೂ?"

"ಯಾರು ಸುತ್ತಿದ್ರು? ನೆಟ್ಟಗೆ ಬಂದ್ವಲ್ಲ," ಎನ್ನುತ್ತಾಳೆ ಅಮ್ಮ. ಹಿಂದಿನವರೂ ಹೌದೆನ್ನುತ್ತಾರೆ. ಅವರಿಗೆ ಅದು ನೆಟ್ಟಗೇ. ಹೊರೆ ಹೊತ್ತವರ ಕಾಲು ಕಡಿಮೆ ದೂರವನ್ನು ಹುಡುಕುವುದಿಲ್ಲ, ಕಡಿಮೆ ಏರನ್ನು ಹುಡುಕುತ್ತದೆ. ನೆಲ ತಮ್ಮನ್ನು ಕೈಹಿಡಿದು ಸುತ್ತಿಸಿದ್ದು ಅವರಿಗೆ ಗೊತ್ತೇ ಆಗಿಲ್ಲ. ಚೆಂಡಿಗೂ ಗೊತ್ತಾಗಬಾರದು. ಸಾಹೇಬರು ಕೇಳಿದ್ದು ಇದನ್ನೇ ಎಂದು ಡೋಜರಕ್ಕನಿಗೆ ಆಗ ಹೊಳೆಯುತ್ತದೆ.

"ಇನ್ನೊಂದು ಸಲ ನಡೀರಿ. ಆ ಬಾವುಟದ ಹತ್ತಿರದಿಂದ."

"ಹೊರೆ ಇಳಿಸಿ ಬರ್ತೀವಿ ತಡಿ," ಎನ್ನುತ್ತಾಳೆ ಅಮ್ಮನ ಹಿಂದಿದ್ದವಳು.

"ಬೇಡ ಚಿಕ್ಕಮ್ಮಾ, ಹೊರೆ ಇರ್ಲಿ. ಹೊರೆ ಇಲ್ದಿದ್ರೆ ಕಾಲು ಸುಳ್ಳು ಹೇಳತ್ತೆ."

"ನೋಡ್ರೇ ಇವಳ ದರ್ಬಾರು. ಹೆತ್ತವಳ ತಲೆ ಮೇಲೆ ಗೋಣಿ ಹೊರಿಸಿ ಪರೇಡ್ ಮಾಡಿಸ್ತಾಳೆ," ಎಂದು ಒಬ್ಬಾಕೆ ಗೊಣಗುತ್ತಾಳೆ. ಗೊಣಗುತ್ತಲೇ ಹಿಂದಿರುಗಿ ನಡೆಯುತ್ತಾಳೆ. ಬಾವುಟದಿಂದ ಒಮ್ಮೆ, ಲಾರಿಯ ಕಡೆಯಿಂದ ಒಮ್ಮೆ, ಕೆಳಗಿನ ಹಳ್ಳದಿಂದ ಒಮ್ಮೆ. ಬೇರೆ ಬೇರೆ ಕಡೆಯಿಂದ ಹೊರಟ ಹೆಜ್ಜೆಗಳು ದಿಬ್ಬದ ಭುಜಕ್ಕೆ ಬಂದು ಒಂದಾಗುತ್ತವೆ, ಅಲ್ಲಿಂದ ಅಂಗಳಕ್ಕೆ ಇಳಿಯುತ್ತವೆ. ಅಪ್ಪ ಡಬ್ಬದ ಮೇಲಿಂದ ಎದ್ದು, ಸೊಂಟದ ಮಾತೇ ಮರೆತು, ಪೊದೆಯಿಂದ ಕಡ್ಡಿ ಮುರಿದು ಹೆಜ್ಜೆಗಳ ಪಕ್ಕದಲ್ಲಿ ಚುಚ್ಚುತ್ತ ಹೋಗುತ್ತಾನೆ.

"ಇವರ ಸೊಂಟಕ್ಕೆ ಇವತ್ತೊಂದು ದಿನ ಬುದ್ಧಿ ಬಂದಿದೆ," ಎನ್ನುತ್ತಾಳೆ ಅಮ್ಮ, ಯಾರಿಗೂ ಹೇಳದವಳಂತೆ.

ಆಮೇಲೆ ಎಂಜಿನ್ ಗುಡುಗುತ್ತದೆ. ಹಲಗೆಯ ಮೊದಲ ಎಳೆತಕ್ಕೇ ಆ ಹರಿತವಾದ ಅಂಚು ಹೋಗುತ್ತದೆ. ವಾರಗಟ್ಟಲೆಯ ಕೆಲಸ ಕಣ್ಣೆದುರೇ ಮಣ್ಣುಪಾಲಾಗುವಾಗ ಹೊಟ್ಟೆ ಉರಿಯಲಿಲ್ಲವೇ ಎಂದರೆ, "ಉರೀತು. ಆದ್ರೆ ಕೆಟ್ಟ ಹಲ್ಲು ಕಿತ್ತ ಮೇಲೆ ನಾಲಿಗೆಗೆ ಆಗತ್ತಲ್ಲ, ಹಂಗೂ ಆಯ್ತು," ಎನ್ನುತ್ತಾಳೆ. ಎರಡು ದಿನ ಆಕೆ ಹೆಚ್ಚಾಗಿ ಹಿಂದಕ್ಕೇ ಓಡಿಸುತ್ತಾಳೆ. ಹಲಗೆಯನ್ನು ಒತ್ತದೆ, ಮರಳಿನ ಮೇಲೆ ತೇಲಬಿಟ್ಟು, ಮಲಗಿದ ಮಗುವಿನ ಮೇಲಿಂದ ಹೊದಿಕೆ ಎಳೆಯುವಷ್ಟು ಮೆಲ್ಲಗೆ. ಎಷ್ಟೋ ಸಲ ಯಂತ್ರ ನಿಲ್ಲಿಸಿ ಇಳಿದು, ಚಪ್ಪಲಿ ಬಿಟ್ಟು ನಡೆಯುತ್ತಾಳೆ. ಮೇಲೆ ಕೂತವರಿಗೆ ನೆಲವೆಲ್ಲ ಚಪ್ಪಟೆಯಾಗಿಯೇ ಕಾಣುತ್ತದಂತೆ; ಅದಕ್ಕೇ ಮೊದಲ ಸಲ ಉಬ್ಬುಗಳೆಲ್ಲ ಅತಿಯಾದವು ಎನ್ನುವುದು ಆಕೆಯ ಲೆಕ್ಕ. ಮೇಸ್ತ್ರಿಗೆ ಬೇರೆ ಡ್ರೈವರ್ ಸಿಗುವುದಿಲ್ಲ. ಸಿಕ್ಕಿದ್ದನೆಂದೂ, ಅಪ್ಪ ಅವನಿಗೆ ಫೋನು ಮಾಡಿ ಬರಬೇಡವೆಂದನೆಂದೂ ಚಹಾದ ಶೆಡ್ಡಿನಲ್ಲಿ ಒಂದು ಸುದ್ದಿಯಿದೆ. ಅಪ್ಪನನ್ನು ಕೇಳಿದರೆ ಆತ ಸಮುದ್ರ ನೋಡುತ್ತಾನೆ.

ಮೂರನೆಯ ದಿನ ಕೊಡೆ ಸಾಹೇಬರು ಬರುತ್ತಾರೆ. ಹೆಂಗಸರು ಗೋಣಿಗಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದಾರೆ. ಗೋಣಿ ಬಿಚ್ಚಬೇಕೋ ಬಿಸಾಡಬೇಕೋ ಇನ್ನೂ ಗೊತ್ತಿಲ್ಲ. ಸಾಹೇಬರು ನಡೆಯುತ್ತಾರೆ, ನಿಲ್ಲುತ್ತಾರೆ. ಜೇಬಿನಿಂದ ಒಂದು ಚೆಂಡು ತೆಗೆದು ದಿಬ್ಬದ ಭುಜದ ಮೇಲಿಂದ ಕೈಯಲ್ಲೇ ಉರುಳಿಸುತ್ತಾರೆ. ನೀರು ಚಿಮುಕಿಸಿ ಗಟ್ಟಿ ಮಾಡಿದ ಮರಳಿನ ಮೇಲೆ ಚೆಂಡು ಮೊದಲು ಸಮುದ್ರದ ಕಡೆಗೇ ಹೊರಡುತ್ತದೆ. ಹೋಯಿತು ಎನ್ನುವಷ್ಟರಲ್ಲಿ ನಿಧಾನವಾಗುತ್ತದೆ, ಏನೋ ಯೋಚನೆ ಬಂದವರಂತೆ ತಿರುಗುತ್ತದೆ, ಹೆಂಗಸರು ನಡೆದ ದಾರಿಯಲ್ಲೇ ಇಳಿದು ಅಂಗಳದ ನಡುವೆ ಬಂದು ನಿಲ್ಲುತ್ತದೆ. ಸಾಹೇಬರು ಇನ್ನೊಂದು ಚೆಂಡು ತೆಗೆಯುತ್ತಾರೆ. ಅದೂ ಬರುತ್ತದೆ.

"ಅಂಗಳ ಎಲ್ಲಿಂದ ಶುರು?" ಎಂದು ಕೇಳುತ್ತಾರೆ. ಈ ಸಲ ಆಕೆಯನ್ನೇ.

"ಈಗ ನಂಗೂ ಗೊತ್ತಾಗಲ್ಲ ಸಾರ್."

"ಈ ಇಳಿಜಾರು ನಕ್ಷೆಯಲ್ಲಿ ಇಲ್ಲ."

"ಇಲ್ಲ ಸಾರ್. ಅಮ್ಮಂದಿರ ಕಾಲಲ್ಲಿತ್ತು."

ಆಕೆ ಹೆಜ್ಜೆಗಳ ವಿಷಯ ಹೇಳುತ್ತಾಳೆ. ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಕೊಡೆಯ ತುದಿಯನ್ನು ಬಲಗಡೆಯ ಮೂಲೆಗೆ ಊರಿ, "ಇಲ್ಲಿ ನೀರು ನಿಲ್ಲತ್ತೆ ನೋಡು, ನೀನು ಗಮನಿಸಿಲ್ಲ. ಅಂಚಲ್ಲಿ ಒಂದು ಅಂಗೈಯಷ್ಟು ತೆಗಿ," ಎನ್ನುತ್ತಾರೆ. ಆಕೆ ಬಗ್ಗಿ ನೋಡುತ್ತಾಳೆ. ನಿಜ, ಗಮನಿಸಿಲ್ಲ. ತೆಗೆಯುತ್ತಾಳೆ. ಅವರು ಹೆಂಗಸರ ಕಡೆ ತಿರುಗಿ ಎರಡೇ ಮಾತು ಹೇಳುತ್ತಾರೆ: "ಹುಲ್ಲು ಹಾಕಿ."

ಗೋಣಿಗಳು ಬಿಚ್ಚಿಕೊಳ್ಳುತ್ತವೆ. ಸಂಜೆಯ ಹೊತ್ತಿಗೆ ಮರಳಿನ ಬಣ್ಣ ಅಲ್ಲಲ್ಲಿ ಹಸಿರಿಗೆ ತಿರುಗಿ, ಆಕೆಯ ಕೆಲಸ ಕಣ್ಣಿಗೆ ಕಾಣದಾಗಲು ಶುರುವಾಗುತ್ತದೆ. ಮೈದಾನ ತೆರೆದ ಮೇಲೆ ಇವರಲ್ಲಿ ಯಾರಿಗೂ ಒಳಗೆ ಪ್ರವೇಶವಿರುವುದಿಲ್ಲ. ಗೇಟಿನ ಹತ್ತಿರ ಕಲ್ಲಿನಲ್ಲಿ ಕೆತ್ತುವ ಹೆಸರುಗಳಲ್ಲಿ ಇವರದ್ದು ಇರುವುದಿಲ್ಲ. ಬೇಸರವೇ ಎಂದರೆ ಡೋಜರಕ್ಕ ದಿಬ್ಬದ ಭುಜದ ಕಡೆ ಕೈ ತೋರಿಸುತ್ತಾಳೆ.

"ಯಾರೋ ಒಬ್ಬ ಚೆಂಡು ಹೊಡೀತಾನೆ. ಸಮುದ್ರಕ್ಕೆ ಹೋಯ್ತು ಅಂತ ತಲೆ ಮೇಲೆ ಕೈ ಇಟ್ಕೊಳ್ತಾನೆ. ಆಮೇಲೆ ಅದು ತಿರುಗಿ ಬರತ್ತೆ. ಇವತ್ತು ನನ್ನ ಅದೃಷ್ಟ ಚೆನ್ನಾಗಿದೆ ಅಂದ್ಕೊಂಡು ಮನೆಗೆ ಹೋಗ್ತಾನೆ. ಹೋಗ್ಲಿ ಬಿಡಿ. ಆ ಅದೃಷ್ಟ ಮಾಡಿದ್ದು ಯಾರು ಅಂತ ನಂಗೆ ಗೊತ್ತಲ್ಲ." ಆಕೆಗೆ ಇರುವ ಆಸೆ ಒಂದೇ: ಹದಿನೆಂಟೂ ಮುಗಿಯುವವರೆಗೆ ಈ ಸೀಟಿನಿಂದ ತನ್ನನ್ನು ಯಾರೂ ಇಳಿಸಬಾರದು.

ಮೇಸ್ತ್ರಿ ಬರುತ್ತಾನೆ. ರೂಢಿಯಂತೆ ಮಗಳನ್ನು ದಾಟಿ ನೇರ ಅಪ್ಪನ ಹತ್ತಿರ ಹೋಗಿ ನಿಲ್ಲುತ್ತಾನೆ. "ಯಜಮಾನ್ರೇ, ಹದಿನೈದನೇದು ಯಾವಾಗ ಶುರು?"

ಅಪ್ಪ ತೋರುಬೆರಳನ್ನು ಎತ್ತಿ ಡೋಜರಿನ ಕಡೆ ತೋರಿಸುತ್ತಾನೆ. ಮೇಸ್ತ್ರಿ ಅರ್ಥವಾಗದೆ ನಿಂತಾಗ ಬಾಯಿ ಬಿಡುತ್ತಾನೆ: "ಡ್ರೈವರನ್ನ ಕೇಳಿ."

ಮೇಸ್ತ್ರಿ ನಾಲ್ಕು ಹೆಜ್ಜೆ ನಡೆದು ಈ ಕಡೆ ಬರುತ್ತಾನೆ. ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ. ಈ ಸಲ 'ಡೋಜರಕ್ಕಾ' ಎಂದು ಕರೆದು. ಆಕೆ ಕೈಗೆ ಅಂಟಿದ ಗ್ರೀಸನ್ನು ಟವೆಲಿಗೆ ಒರೆಸಿಕೊಳ್ಳುತ್ತಾಳೆ.

"ನಾಳೆ ಬೆಳಿಗ್ಗೆ. ಮೊದಲು ಅಮ್ಮನ ಗುಂಪು ಅಲ್ಲಿ ಹೊರೆ ಹೊತ್ತು ನಡೀಬೇಕು, ಆಮೇಲೆ ನಾನು ಹತ್ತೋದು. ನಡೆದದ್ದಕ್ಕೂ ಅವರಿಗೆ ಕೂಲಿ ಬರ್ಕೊಳ್ಳಿ."